ಹಳೆಯ ಕ್ಯಾಂಪರ್ ವ್ಯಾನಿನ ತುಕ್ಕು: ಟಿಂಕರಿಂಗ್ ಶೆಡ್ಡಿನಿಂದ ಲೆಕ್ಕಪುಸ್ತಕದವರೆಗೆ

ಕರಾವಳಿ ಮತ್ತು ಮಲೆನಾಡಿನಲ್ಲಿ ಹೋಂಸ್ಟೇ, ಪ್ರವಾಸ ಹಾಗೂ ವಾಹನ ಬಾಡಿಗೆಯ ವ್ಯವಹಾರ ನಡೆಸುವ ವರ್ತಕ ಮಿತ್ರರಿಂದ ಈಚೆಗೆ ಪದೇ ಪದೇ ಕೇಳಿಬರುತ್ತಿರುವ ಪ್ರಶ್ನೆಯೊಂದಿದೆ. ಹತ್ತು ಹನ್ನೆರಡು ವರ್ಷ ಓಡಿದ ಟೆಂಪೋ ಟ್ರಾವೆಲರ್ ಒಂದನ್ನು ಕೊಂಡು, ಒಳಗೆ ಮಲಗುವ ವ್ಯವಸ್ಥೆ, ಪುಟ್ಟ ಅಡುಗೆಕಟ್ಟೆ, ನೀರಿನ ಟ್ಯಾಂಕ್ ಅಳವಡಿಸಿ ಕ್ಯಾಂಪರ್ ವ್ಯಾನ್ ಮಾಡಿಸಿರುತ್ತಾರೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬಾಗಿಲಿನ ಬುಡದಲ್ಲಿ, ಚಕ್ರದ ಮೇಲಿನ ಕಮಾನಿನಲ್ಲಿ ತುಕ್ಕು ತಲೆದೋರುತ್ತದೆ. ಟಿಂಕರಿಂಗ್ ಶೆಡ್ಡಿನವರು ಲಕ್ಷ ರೂಪಾಯಿ ಮೀರಿದ ಬಿಲ್ಲನ್ನು ಕೈಗಿಡುತ್ತಾರೆ. ಈ ಮೊತ್ತವನ್ನು ಆ ವರ್ಷದ ಖರ್ಚಿಗೆ ಹಾಕಬಹುದೇ ಎಂಬುದೇ ಆ ಪ್ರಶ್ನೆ.

ಇದಕ್ಕೆ ಉತ್ತರವು ಬಿಲ್ಲಿನ ಮೊತ್ತದಲ್ಲಿ ಇಲ್ಲ; ಶೆಡ್ಡಿನಲ್ಲಿ ವಾಸ್ತವವಾಗಿ ಏನು ಕೆಲಸ ನಡೆಯಿತು ಎಂಬುದರಲ್ಲಿ ಇದೆ. ಆದ್ದರಿಂದ ಮೊದಲು ತುಕ್ಕಿನ ವಿಚಾರವನ್ನೂ, ಅನಂತರ ತೆರಿಗೆಯ ವಿಚಾರವನ್ನೂ ಪರಾಮರ್ಶಿಸುವುದು ಸೂಕ್ತ. ಲೆಕ್ಕಪರಿಶೋಧಕನಿಗೆ ವೆಲ್ಡಿಂಗ್ ಏಕೆ ಬೇಕು ಎಂದು ಓದುಗರು ಕೇಳಬಹುದು. ಕೆಲಸದ ಸ್ವರೂಪವನ್ನು ಅರಿಯದೆ ವೆಚ್ಚದ ಸ್ವರೂಪವನ್ನು ನಿರ್ಧರಿಸಲಾಗದು ಎಂಬುದಷ್ಟೇ ಉತ್ತರ.

ತುಕ್ಕು ಎಲ್ಲಿ, ಏಕೆ?

ಕಬ್ಬಿಣಕ್ಕೆ ನೀರು ಮತ್ತು ಆಮ್ಲಜನಕ ಎರಡೂ ಸೇರಿದಾಗ ತುಕ್ಕು ಹುಟ್ಟುತ್ತದೆ; ಉಪ್ಪು ಸೇರಿದರೆ ಆ ಕ್ರಿಯೆ ತೀವ್ರಗೊಳ್ಳುತ್ತದೆ. ವಾರ್ಷಿಕ ಮಳೆ 3,000 ಮಿಲಿಮೀಟರ್ ಮೀರುವ, ಕಡಲಗಾಳಿಯಲ್ಲಿ ಉಪ್ಪು ತೇಲುವ ನಮ್ಮ ಕರಾವಳಿಯಲ್ಲಿ ಮೂರಕ್ಕೂ ಕೊರತೆಯಿಲ್ಲ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗವನ್ನು ಆಕ್ರಮಿಸುತ್ತದೆ. ಬಣ್ಣ ಉಬ್ಬುವುದು, ಬೆಸೆದ ತಗಡುಗಳ ನಡುವಿನ ಸಂದು ಬಾಯಿ ಬಿಡುವುದು ಇದರಿಂದಲೇ. ಹೊರಗೆ ಕಡಲೆಕಾಳಿನಷ್ಟು ಗುಳ್ಳೆ ಕಂಡರೆ ಒಳಗೆ ಅಂಗೈಯಗಲ ತಗಡು ಹೋಗಿರುವುದು ಅಪರೂಪವಲ್ಲ.

ದೆಹಲಿಯ ಕಬ್ಬಿಣದ ಸ್ತಂಭವು 1,600 ವರ್ಷಗಳಿಂದ ಬಯಲಿನಲ್ಲಿ ನಿಂತಿರುವುದನ್ನು, ಕೊಡಚಾದ್ರಿಯ ಆದಿ ಮೂಕಾಂಬಿಕೆಯ ಗುಡಿಯ ಬಳಿಯ ಕಬ್ಬಿಣದ ಕಂಬವನ್ನು ತೋರಿಸಿ, "ಹಿಂದಿನವರ ಕಬ್ಬಿಣವೇ ಬೇರೆ" ಎನ್ನುವವರಿದ್ದಾರೆ. ಮಾತು ಸುಳ್ಳಲ್ಲ. ದೆಹಲಿಯ ಸ್ತಂಭದ ಕಬ್ಬಿಣದಲ್ಲಿರುವ ರಂಜಕದ ಅಂಶವು ಅದರ ಮೈಮೇಲೆ ರಕ್ಷಣಾ ಪದರವೊಂದನ್ನು ಕಟ್ಟಿದೆ. ಒಂದು ಮಿಲಿಮೀಟರಿಗೂ ತೆಳ್ಳಗಿನ ವ್ಯಾನಿನ ತಗಡಿಗೆ ಆ ಭಾಗ್ಯವಿಲ್ಲ. ಅದಕ್ಕೆ ಬಣ್ಣವೇ ಕವಚ; ಕವಚ ಹರಿದಲ್ಲಿ ಆಯುಷ್ಯ ಮುಗಿಯಿತು.

ಸಾಮಾನ್ಯ ವ್ಯಾನಿನಲ್ಲಿ ತುಕ್ಕು ಹಿಡಿಯುವ ಸ್ಥಳಗಳು ಬಹುತೇಕ ನಿಶ್ಚಿತ: ಬಾಗಿಲುಗಳ ಕೆಳಗಿನ ಉದ್ದನೆಯ ಪೆಟ್ಟಿಗೆಯಂತಹ ಭಾಗ, ಬಾಗಿಲಿನ ಬುಡದಲ್ಲಿ ನೀರು ಇಳಿಯಬೇಕಾದ ರಂಧ್ರ ಕಟ್ಟಿಕೊಂಡ ಜಾಗ, ಚಕ್ರದ ಕಮಾನು, ಛಾವಣಿಯ ಅಂಚಿನ ನೀರಿನ ಕಾಲುವೆ, ಮುಂದಿನ ಗಾಜಿನ ರಬ್ಬರಿನ ಅಡಿ. ಕ್ಯಾಂಪರ್ ವ್ಯಾನಿಗೆ ಇವುಗಳ ಜೊತೆಗೆ ತನ್ನದೇ ಆದ ಕಾಯಿಲೆಗಳಿವೆ, ಮತ್ತು ಅವೇ ಹೆಚ್ಚು ಅಪಾಯಕಾರಿ. ಒಳಗೆ ಅಡುಗೆ ಮಾಡಿದಾಗಿನ ಹಬೆ, ರಾತ್ರಿ ನಾಲ್ವರು ಮಲಗಿದಾಗಿನ ಉಸಿರು ತಣ್ಣನೆಯ ತಗಡಿನ ಮೇಲೆ ನೀರಾಗಿ ಇಳಿಯುತ್ತದೆ. ಪ್ಲೈವುಡ್ಡಿನ ಹಿಂದೆ ತುಂಬಿದ ಫೋಮು ಆ ನೀರನ್ನು ಒದ್ದೆಬಟ್ಟೆಯಂತೆ ಹಿಡಿದಿಟ್ಟುಕೊಳ್ಳುತ್ತದೆ. ಹೊಸ ಕಿಟಕಿಗಾಗಿ, ಛಾವಣಿಯ ಗಾಳಿಕಿಂಡಿಗಾಗಿ ತಗಡನ್ನು ಕತ್ತರಿಸಿದ ಅಂಚಿಗೆ ಬಣ್ಣ ಹಚ್ಚದೆ ರಬ್ಬರು ಕೂರಿಸಿರುತ್ತಾರೆ. ಮಂಚದ ಕಾಲನ್ನು ನಿಲ್ಲಿಸಲು ನೆಲದ ತಗಡಿಗೆ ತೂತು ಕೊರೆದು ತಿರುಪು ಬಿಗಿದಿರುತ್ತಾರೆ. ಆ ತೂತೊಂದೊಂದೂ ಕೆಳಗಿನಿಂದ ರಸ್ತೆಯ ನೀರನ್ನು ಕರೆಯುವ ಬಾಗಿಲು. ಜರ್ಮನಿಯಲ್ಲಿ ವೆಸ್ಟ್‌ಫಾಲಿಯಾ ಸಂಸ್ಥೆಯು 1951ರಷ್ಟು ಹಿಂದೆಯೇ ಫೋಕ್ಸ್‌ವ್ಯಾಗನ್ ವ್ಯಾನುಗಳನ್ನು ಕ್ಯಾಂಪರ್‌ಗಳಾಗಿ ರೂಪಿಸಲಾರಂಭಿಸಿತು. ಅಲ್ಲಿನ ಹಳೆಯ ವ್ಯಾನುಗಳ ಹವ್ಯಾಸಿಗಳು ಇಂದಿಗೂ ಹೆಣಗುತ್ತಿರುವುದು ಇದೇ ಜಾಗಗಳ ತುಕ್ಕಿನೊಂದಿಗೆ.

ಕೊಳ್ಳುವ ಮುನ್ನ ಒಂದು ಅಯಸ್ಕಾಂತ

ಹೊಳೆಯುವ ಹೊಸ ಬಣ್ಣ ಕಂಡರೆ ಸಂತೋಷಕ್ಕಿಂತ ಮೊದಲು ಸಂಶಯ ಬರಬೇಕು. ತೂತಾದ ತಗಡಿಗೆ ಜಾಲರಿ ಅಂಟಿಸಿ, ಮೇಲೆ ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಹೊಡೆಯುವುದಕ್ಕೆ ಎರಡು ದಿನ ಸಾಕು. ತೆಳುಬಟ್ಟೆಯಲ್ಲಿ ಸುತ್ತಿದ ಸಣ್ಣ ಅಯಸ್ಕಾಂತವೊಂದನ್ನು ಬಾಗಿಲಿನ ಕೆಳಭಾಗದುದ್ದಕ್ಕೂ ಆಡಿಸಿದರೆ, ಹಿಡಿತ ತಪ್ಪಿದಲ್ಲಿ ಪುಟ್ಟಿಯಿದೆ ಎಂದು ತಿಳಿಯಬಹುದು. ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ಬಡಿದರೆ ಗಟ್ಟಿ ತಗಡು ಠಣ್ ಎನ್ನುತ್ತದೆ. ಕೊಳೆತದ್ದು ಮಂಕಾಗಿ ಸದ್ದು ಮಾಡುತ್ತದೆ. ಪರಿಚಿತ ಹೋಂಸ್ಟೇ ಮಾಲೀಕರೊಬ್ಬರು ಈ ಎರಡನ್ನೂ ಮಾಡದೆ ಬಣ್ಣವನ್ನು ನಂಬಿ ವ್ಯಾನೊಂದನ್ನು ಕೊಂಡರು. ಜುಲೈ ತಿಂಗಳಲ್ಲಿ ವಯಸ್ಸಾದ ಅತಿಥಿಯೊಬ್ಬರು ಇಳಿಯುವಾಗ ಬಾಗಿಲ ಮೆಟ್ಟಿಲೇ ಕುಸಿಯಿತು. ಅತಿಥಿಗೆ ಹೆಚ್ಚಿನ ಪೆಟ್ಟಾಗಲಿಲ್ಲವೆಂಬುದಷ್ಟೇ ಸಮಾಧಾನ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಮೇಲುಗವಸಿನ ತುಕ್ಕು ದುರಸ್ತಿಗೆ ಯೋಗ್ಯ. ಚಾಸಿಯ ಉದ್ದತೊಲೆಗಳು, ಪಾಟಾ ಸ್ಪ್ರಿಂಗ್ ಹಾಗೂ ಸ್ಟಿಯರಿಂಗ್ ಜೋಡಣೆಗೊಳ್ಳುವ ಸ್ಥಳಗಳು, ಸೀಟ್ ಬೆಲ್ಟಿನ ಬುಡ, ಇವು ಪದರ ಪದರವಾಗಿ ಕಳಚುತ್ತಿದ್ದರೆ ಆ ವ್ಯಾನಿಗೆ ಹಣ ಹಾಕುವುದು ವಿವೇಕವಲ್ಲವೆಂದೇ ನನ್ನ ಅಭಿಪ್ರಾಯ. ಚಾಸಿ ಸಂಖ್ಯೆಯನ್ನು ಒತ್ತಿರುವ ಭಾಗವನ್ನಂತೂ ನೋಂದಣಿ ಪ್ರಾಧಿಕಾರದ ಲಿಖಿತ ಅನುಮತಿಯಿಲ್ಲದೆ ಮುಟ್ಟಕೂಡದು.

ಸರಿಯಾದ ದುರಸ್ತಿಯ ಕ್ರಮ

ತುಕ್ಕಿನ ಮೇಲೆ ಹೊಸ ತಗಡನ್ನು ಹೊದಿಸಿ ಬೆಸೆಯುವುದು ದುರಸ್ತಿಯಲ್ಲ, ಮುಚ್ಚಿಡುವಿಕೆ. ಕೊಳೆತ ಭಾಗವನ್ನು ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ ತೆಗೆಯಬೇಕು. ಅದಕ್ಕೂ ಮುನ್ನ ಒಳಗಿನ ಪ್ಲೈವುಡ್, ಫೋಮು, ಹಾಸಿಗೆಗಳನ್ನು ಹೊರತೆಗೆದು, ಅಡುಗೆ ಅನಿಲದ ಸಿಲಿಂಡರನ್ನು ಶೆಡ್ಡಿನಿಂದಲೇ ದೂರವಿರಿಸಿ, ಬ್ಯಾಟರಿ ಸಂಪರ್ಕವನ್ನು ಕಳಚಬೇಕು. ಬೆಸುಗೆಯ ಸ್ಥಳ ಇಂಧನದ ಟ್ಯಾಂಕಿಗೆ ಸಮೀಪವಿದ್ದರೆ ಟ್ಯಾಂಕನ್ನೂ ಇಳಿಸಬೇಕು. ಕ್ಯಾಂಪರ್ ವ್ಯಾನಿನ ಗೋಡೆಯ ಹಿಂದೆ ಕಿಡಿ ಬಿದ್ದರೆ ಹೊಗೆ ಕಾಣುವಷ್ಟರಲ್ಲಿ ಕಾಲ ಮೀರಿರುತ್ತದೆ.

ಬಾಗಿಲಿನ ಕೆಳಗಿನ ಭಾಗವನ್ನು ಕತ್ತರಿಸುವಾಗ ಬಾಗಿಲ ಚೌಕಟ್ಟಿಗೆ ಅಡ್ಡಪಟ್ಟಿಯ ಆಧಾರ ಕೊಡದಿದ್ದರೆ ಚೌಕಟ್ಟು ಕುಸಿದು ಬಾಗಿಲು ಮತ್ತೆ ಕೂರುವುದಿಲ್ಲ. ಹೊಸ ತಗಡು ಮೂಲದ ದಪ್ಪಕ್ಕೆ ಸಮನಾಗಿರಬೇಕು. ಮೈತಗಡಿಗೆ 20 ಗೇಜ್, ಭಾರ ಹೊರುವ ಭಾಗಕ್ಕೆ 18 ಗೇಜ್ ಅಥವಾ ಅದಕ್ಕಿಂತ ದಪ್ಪದ್ದನ್ನು ಸಾಮಾನ್ಯವಾಗಿ ಬಳಸುತ್ತಾರೆ. ಸತುವಿನ ಲೇಪವಿರುವ ಜಿಐ ತಗಡಾದರೆ ಬೆಸೆಯುವ ಅಂಚಿನ ಲೇಪವನ್ನು ಉಜ್ಜಿ ತೆಗೆಯಬೇಕು, ಏಕೆಂದರೆ ಆ ಹೊಗೆ ಉಸಿರಾಟಕ್ಕೆ ಹಾನಿಕರ. ಗ್ಯಾಸ್ ವೆಲ್ಡಿಂಗಿನ ಶಾಖಕ್ಕೆ ತೆಳು ತಗಡು ಸೊಟ್ಟಗಾಗುತ್ತದೆ. ಸಿಒ2 ವೆಲ್ಡಿಂಗ್ ಮೇಲು. ಅದರಲ್ಲೂ ಒಂದೇ ಗೆರೆಯಾಗಿ ಎಳೆಯದೆ, ಅಲ್ಲೊಂದು ಇಲ್ಲೊಂದು ಚುಕ್ಕಿಯಿಟ್ಟು, ತಣಿಯಲು ಬಿಟ್ಟು ಪೂರೈಸಬೇಕು.

ಬೆಸುಗೆಯ ನಂತರದ ಕೆಲಸವೇ ಆಯುಷ್ಯವನ್ನು ನಿರ್ಧರಿಸುವುದು. ಉಳಿದ ತುಕ್ಕಿನ ಕಲೆಗೆ ಫಾಸ್ಫಾರಿಕ್ ಆಮ್ಲದ ದ್ರಾವಣ, ಅದರ ಶೇಷವನ್ನು ತೊಳೆದು ಒಣಗಿಸಿದ ಮೇಲೆ ಎಪಾಕ್ಸಿ ಪ್ರೈಮರ್, ಸಂದುಗಳಿಗೆ ಸೀಲರ್, ಆಮೇಲೆ ಬಣ್ಣ. ಅಡಿಭಾಗಕ್ಕೆ ಅಂಡರ್ ಕೋಟಿಂಗ್. ಇಷ್ಟನ್ನು ಹೆಚ್ಚಿನ ಶೆಡ್ಡುಗಳಲ್ಲಿ ಮಾಡುತ್ತಾರೆ. ಮಾಡದೆ ಬಿಡುವುದು ಒಳಮೈಯನ್ನು. ಬೆಸುಗೆಯ ಶಾಖಕ್ಕೆ ಪೆಟ್ಟಿಗೆಯಂತಹ ಭಾಗದ ಒಳಗಿನ ಬಣ್ಣವೂ ಸುಟ್ಟಿರುತ್ತದೆ. ಅಲ್ಲಿಗೆ ಉದ್ದ ಕೊಳವೆಯ ಮೂಲಕ ಮೇಣದಂತಹ ರಕ್ಷಕವನ್ನು ಸಿಂಪಡಿಸದಿದ್ದರೆ ಹೊಸ ತಗಡೂ ಒಳಗಿನಿಂದ ಹೋಗುತ್ತದೆ. ನೀರಿಳಿಯುವ ರಂಧ್ರಗಳನ್ನು ಸೀಲರಿನಿಂದ ಮುಚ್ಚಿಬಿಡುವುದು ಮತ್ತೊಂದು ಸಾಮಾನ್ಯ ಲೋಪ. ಈ ಕೆಲಸ ಡಿಸೆಂಬರಿನಿಂದ ಏಪ್ರಿಲ್‌ವರೆಗಿನ ಒಣಹವೆಯಲ್ಲಿ ಆಗಬೇಕು. ಆಷಾಢದಲ್ಲಿ ವ್ಯಾಪಾರವಿಲ್ಲವೆಂದು ಆಗಲೇ ಶೆಡ್ಡಿಗೆ ಕಳುಹಿಸುವುದು ತೇವವನ್ನು ಬಣ್ಣದಡಿಯಲ್ಲಿ ಭದ್ರವಾಗಿ ಮುಚ್ಚಿದಂತೆ.

ಖರ್ಚೋ, ಬಂಡವಾಳವೋ?

1961ರ ಆದಾಯ ತೆರಿಗೆ ಅಧಿನಿಯಮದ ಕಲಂ 31 ಯಂತ್ರ, ಸ್ಥಾವರಗಳ 'ಚಾಲ್ತಿ ದುರಸ್ತಿ'ಯ ವೆಚ್ಚವನ್ನು ಕಳೆಯಲು ಅವಕಾಶ ಕೊಟ್ಟಿತು. ಬಂಡವಾಳ ಸ್ವರೂಪದ ವೆಚ್ಚ ಇದರಲ್ಲಿ ಸೇರದೆಂಬ ವಿವರಣೆಯನ್ನು 2003ರ ಹಣಕಾಸು ಅಧಿನಿಯಮ ಸೇರಿಸಿತು. 2026ರ ಏಪ್ರಿಲ್ 1ರಿಂದ 2025ರ ಆದಾಯ ತೆರಿಗೆ ಅಧಿನಿಯಮ ಅನ್ವಯಿಸುವುದರಿಂದ ಕಲಂ ಸಂಖ್ಯೆಗಳು ಬೇರೆಯಾಗುತ್ತವೆ. ವರ್ತಕರಿಗೆ ಪರಿಚಿತವೆಂಬ ಕಾರಣದಿಂದ ಈ ಲೇಖನದಲ್ಲಿ ಹಳೆಯ ಸಂಖ್ಯೆಗಳನ್ನೇ ನಮೂದಿಸಲಾಗಿದೆ.

ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ 2007ರಲ್ಲಿ ಸರ್ವೋಚ್ಚ ನ್ಯಾಯಾಲಯವು ಒಪ್ಪಿದ ಒರೆಗಲ್ಲು ಸರಳವಾಗಿದೆ: ಇರುವ ಆಸ್ತಿಯನ್ನು ಇದ್ದಂತೆ ಕಾಪಾಡಲು ಮಾಡಿದ ವೆಚ್ಚವು ಚಾಲ್ತಿ ದುರಸ್ತಿ, ಹೊಸ ಆಸ್ತಿಯನ್ನೋ ಹೊಸ ಅನುಕೂಲವನ್ನೋ ತಂದುಕೊಟ್ಟರೆ ಅಲ್ಲ. ಅದಕ್ಕೂ ಹಿಂದೆ 1997ರ ಬಲ್ಲಿಮಲ್ ನವಲ್ ಕಿಶೋರ್ ಪ್ರಕರಣದಲ್ಲಿ, ಚಿತ್ರಮಂದಿರವೊಂದನ್ನು ಯಂತ್ರ, ಪೀಠೋಪಕರಣ, ವಿದ್ಯುತ್ ತಂತಿ ಸಮೇತ ನವೀಕರಿಸಿದ ವೆಚ್ಚವನ್ನು ಚಾಲ್ತಿ ದುರಸ್ತಿಯೆಂದು ಅದೇ ನ್ಯಾಯಾಲಯ ಒಪ್ಪಲಿಲ್ಲ. ಈ ಎರಡರ ನಡುವೆ ನಮ್ಮ ವ್ಯಾನಿನ ಬಿಲ್ಲನ್ನು ಇರಿಸಿ ನೋಡಬೇಕು. ತುಕ್ಕು ಹಿಡಿದ ಭಾಗವನ್ನು ಕತ್ತರಿಸಿ ಅಂತಹುದೇ ತಗಡು ಹಾಕಿಸಿದ್ದು ದುರಸ್ತಿ. ಅದೇ ನೆವದಲ್ಲಿ ಛಾವಣಿಯನ್ನು ಎತ್ತರಿಸಿದ್ದು, ಹೊಸದಾಗಿ ಹವಾನಿಯಂತ್ರಕ ಕೂರಿಸಿದ್ದು ಬಂಡವಾಳ ವೆಚ್ಚ. ಛಾವಣಿ ಎತ್ತರಿಸುವಂತಹ ಬದಲಾವಣೆಗೆ ಮೋಟಾರು ವಾಹನ ಅಧಿನಿಯಮ 1988ರ ಕಲಂ 52ರ ತಡೆಯೂ ಇದೆ ಎಂಬುದನ್ನು ಮರೆಯಕೂಡದು.

ಉದಾಹರಣೆಗೆ, ತೆರಿಗೆ ಸೇರಿ 1,60,000 ರೂ.ಗಳ ಬಿಲ್ಲೊಂದನ್ನು ಕಲ್ಪಿಸಿಕೊಳ್ಳೋಣ. ಇದರಲ್ಲಿ ತುಕ್ಕಿನ ಕೆಲಸ ಮತ್ತು ಬಣ್ಣಕ್ಕೆ 70,000. ಒದ್ದೆಯಾಗಿ ಹಾಳಾದ ಪ್ಲೈವುಡ್ ಮಂಚದ ಬದಲಿಗೆ ಅಂತಹುದೇ ಮತ್ತೊಂದಕ್ಕೆ 30,000. ಹೊಸ ಹವಾನಿಯಂತ್ರಕಕ್ಕೆ 60,000. ಮೊದಲ ಎರಡು, ಅಂದರೆ 1,00,000 ರೂ. ಆ ವರ್ಷದ ಖರ್ಚು. ಉಳಿದ 60,000ವನ್ನು ಆಸ್ತಿಯ ಗುಂಪಿಗೆ ಸೇರಿಸಿ ಶೇ. 15ರ ಸವಕಳಿ, ಅಂದರೆ 9,000. ಒಟ್ಟು ಕಳೆತ 1,09,000. ಶೇ. 30ರ ದರದಲ್ಲಿ, ಸೆಸ್ ಬಿಟ್ಟು, ಉಳಿಯುವ ತೆರಿಗೆ 32,700 ರೂ. ಬಿಲ್ಲಿನಲ್ಲಿ "ವ್ಯಾನ್ ಕೆಲಸ" ಎಂದು ಒಂದೇ ಸಾಲಿದ್ದು, ಅಧಿಕಾರಿಯು ಪೂರ್ತಿ ಮೊತ್ತವನ್ನು ಬಂಡವಾಳವೆಂದು ಪರಿಗಣಿಸಿದರೆ ಕಳೆತ 24,000, ಉಳಿಯುವುದು 7,200. ಒಂದು ಸಾಲಿನ ಬಿಲ್ಲಿನ ಬೆಲೆ ಆ ವರ್ಷಕ್ಕೆ 25,500 ರೂ. ಹೊಸ ಸಾಧನವು ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಕೆಯಾದರೆ ಸವಕಳಿ ಅರ್ಧ ಮಾತ್ರ. ವ್ಯಾನನ್ನು ಬಾಡಿಗೆಗೆ ಓಡಿಸುವುದೇ ವ್ಯವಹಾರವಾಗಿದ್ದರೆ ದರ ಶೇ. 30.

ಹಡಗಿನ ಪ್ರಕರಣ

ವ್ಯಾನನ್ನು ಈಗಷ್ಟೇ ಕೊಂಡಿದ್ದು, ಕೊಂಡಾಗಲೇ ತುಕ್ಕು ಹಿಡಿದಿದ್ದರೆ? ಇಲ್ಲಿ ಮೇಲಿನ ಉತ್ತರ ತಿರುವುಮುರುವಾಗುತ್ತದೆ. ಲೆಕ್ಕಶಾಸ್ತ್ರದ ವಿದ್ಯಾರ್ಥಿಗಳೆಲ್ಲ ಓದುವ ಲಾ ಶಿಪ್ಪಿಂಗ್ ಕಂಪನಿಯ ಸ್ಕಾಟ್ಲೆಂಡಿನ ಪ್ರಕರಣ ಇದಕ್ಕೆ ಅಚ್ಚುಕಟ್ಟಾಗಿ ಹೊಂದುತ್ತದೆ. ಕಂಪನಿಯು 1919ರಲ್ಲಿ ಹಳೆಯ ಹಡಗೊಂದನ್ನು 97,000 ಪೌಂಡಿಗೆ ಕೊಂಡಿತು. ಹಡಗಿನ ಕಡ್ಡಾಯ ತಪಾಸಣೆಯ ಅವಧಿ ಆಗಲೇ ಮೀರಿತ್ತು. ಒಂದು ಯಾನ ಮುಗಿಸಿ ಬಂದ ಮೇಲೆ ತಪಾಸಣೆಗಾಗಿ ದುರಸ್ತಿಗೆ 51,558 ಪೌಂಡ್ ತಗುಲಿತು. ಹೊಸ ಮಾಲೀಕರ ಬಳಕೆಯ ಕಾಲಕ್ಕೆ ಸಂಬಂಧಿಸಿದ 12,000 ಪೌಂಡನ್ನು ಮಾತ್ರ ಖರ್ಚೆಂದು ಒಪ್ಪಲಾಯಿತು. ಉಳಿದದ್ದು ಹಡಗಿನ ಬೆಲೆಯ ಭಾಗವೇ ಎಂದಾಯಿತು. ದುರಸ್ತಿ ಬಾಕಿಯಿದ್ದುದರಿಂದಲೇ ಹಡಗು ಅಷ್ಟು ಅಗ್ಗಕ್ಕೆ ದೊರೆತಿತ್ತು ಎಂಬುದು ತರ್ಕ.

ಫಿಟ್‌ನೆಸ್ ಪ್ರಮಾಣಪತ್ರದ ಅವಧಿ ಮುಗಿದ ವ್ಯಾನನ್ನು ಅಗ್ಗಕ್ಕೆ ಕೊಂಡು, ಶೆಡ್ಡಿಗೆ ಕಳುಹಿಸಿ, ಆಮೇಲೆ ವ್ಯವಹಾರಕ್ಕೆ ಇಳಿಸುವವರು ಈ ಹಡಗಿನ ಮಾಲೀಕರ ಸ್ಥಾನದಲ್ಲಿಯೇ ಇದ್ದಾರೆ. ಆ ವೆಚ್ಚ ವ್ಯಾನಿನ ಕೊಂಡ ಬೆಲೆಗೆ ಸೇರಬೇಕು. ಇದಕ್ಕೆ ಪ್ರತಿಯಾಗಿ 1971ರ ಓಡಿಯನ್ ಚಿತ್ರಮಂದಿರಗಳ ಇಂಗ್ಲೆಂಡಿನ ಪ್ರಕರಣದಲ್ಲಿ, ಕೊಂಡಾಗಲೇ ಬಳಕೆಗೆ ಯೋಗ್ಯವಾಗಿದ್ದ, ದುರಸ್ತಿಯ ಬಾಕಿಗಾಗಿ ಬೆಲೆ ಇಳಿಯದಿದ್ದ ಕಟ್ಟಡಗಳ ದುರಸ್ತಿಯನ್ನು ಖರ್ಚೆಂದು ಒಪ್ಪಲಾಯಿತು. ಎರಡೂ ನಮ್ಮ ಅಧಿಕಾರಿಗಳನ್ನು ಕಟ್ಟಿಹಾಕುವ ತೀರ್ಪುಗಳಲ್ಲ; ಆದರೂ ತರ್ಕ ಗಟ್ಟಿಯಾಗಿದೆ. ಕೊಂಡ ದಿನ ಫಿಟ್‌ನೆಸ್ ಊರ್ಜಿತವಾಗಿತ್ತು, ಪ್ರಮಾಣಿತ ಬೆಲೆಯನ್ನೇ ಕೊಡಲಾಗಿತ್ತು, ಕೆಲವು ತಿಂಗಳು ಓಡಿದ ಮೇಲೆ ತುಕ್ಕು ಕಂಡಿತು ಎಂಬುದನ್ನು ದಾಖಲೆಯಿಂದ ತೋರಿಸಬಲ್ಲವರು ಖರ್ಚೆಂದು ವಾದಿಸಬಹುದು. ಸಾರಿಗೆ ವಾಹನಕ್ಕೆ 8 ವರ್ಷ ತುಂಬಿದ ಮೇಲೆ ಫಿಟ್‌ನೆಸ್ ಪ್ರತಿ ವರ್ಷ ನವೀಕರಣಗೊಳ್ಳಬೇಕಾದ್ದರಿಂದ ಈ ದಾಖಲೆ ಸುಲಭವಾಗಿ ದೊರೆಯುತ್ತದೆ.

ಪಾವತಿ, ಜಿಎಸ್‌ಟಿ, ವಿಮೆ

ಒಬ್ಬರಿಗೆ ಒಂದು ದಿನದಲ್ಲಿ 10,000 ರೂ. ಮೀರಿ ನಗದು ಕೊಟ್ಟರೆ ಕಲಂ 40ಎ(3)ರ ಪ್ರಕಾರ ಆ ಖರ್ಚೇ ತಿರಸ್ಕೃತ. ಬಂಡವಾಳ ವೆಚ್ಚವಾದರೂ ಸವಕಳಿಗೆ ಎಣಿಕೆಯಾಗದು. ಮೂಲದಲ್ಲಿ ತೆರಿಗೆ ಕಡಿತದ ಹೊಣೆಯಿರುವವರು ಒಂದು ಬಿಲ್ಲು 30,000 ಅಥವಾ ವರ್ಷದ ಮೊತ್ತ 1,00,000 ರೂ. ಮೀರಿದರೆ ಕಲಂ 194ಸಿಯಂತೆ ವ್ಯಕ್ತಿಗಳಿಗೆ ಶೇ. 1, ಇತರರಿಗೆ ಶೇ. 2 ಕಡಿತ ಮಾಡಬೇಕು. ವಾಹನವು ಕುಟುಂಬದ ವಿಹಾರಕ್ಕೂ ಬಳಕೆಯಾಗುತ್ತಿದ್ದರೆ ಕಲಂ 38(2)ರಂತೆ ದುರಸ್ತಿಯ, ಸವಕಳಿಯ ಯುಕ್ತ ಪಾಲು ಮಾತ್ರ ದೊರೆಯುತ್ತದೆ. ಕ್ಯಾಂಪರ್ ವ್ಯಾನೆಂದ ಕೂಡಲೇ ಅಧಿಕಾರಿಯ ಹುಬ್ಬು ಏರುವುದು ಸಹಜ. ದಿನಾಂಕ, ಗ್ರಾಹಕ, ಕಿಲೋಮೀಟರ್ ನಮೂದಿಸಿದ ಲಾಗ್ ಪುಸ್ತಕವಿಲ್ಲದೆ ಆ ಹುಬ್ಬು ಇಳಿಯುವುದಿಲ್ಲ.

ದುರಸ್ತಿ ಸೇವೆಯ ಜಿಎಸ್‌ಟಿ ಶೇ. 18, 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳಿಗೂ ಅದೇ ದರ. ಹೂಡುವಳಿ ತೆರಿಗೆ ಜಮೆಯ ವಿಚಾರದಲ್ಲಿ ಒಂದು ಸೂಕ್ಷ್ಮವಿದೆ. ಚಾಲಕನೂ ಸೇರಿ 13ಕ್ಕಿಂತ ಹೆಚ್ಚಲ್ಲದ ಆಸನಗಳ ಪ್ರಯಾಣಿಕ ವಾಹನಕ್ಕೆ, ಅದರ ದುರಸ್ತಿಗೆ, ಕಲಂ 17(5)ರಲ್ಲಿ ಜಮೆ ನಿಷಿದ್ಧ. 17 ಆಸನಗಳ ಟ್ರಾವೆಲರ್ ಈ ನಿಷೇಧದ ಹೊರಗಿತ್ತು. ಆಸನ ಕಿತ್ತು ಮಂಚ ಹಾಕಿ, ನೋಂದಣಿ ಪತ್ರದಲ್ಲಿ 6 ಆಸನವೆಂದು ತಿದ್ದಿಸಿದ ದಿನದಿಂದ ಅದು ನಿಷೇಧದ ಒಳಗೆ ಬಂತು. ಪ್ರಯಾಣಿಕರ ಸಾಗಣೆಯ ತೆರಿಗೆ ಸಹಿತ ಸೇವೆ ನೀಡುವವರಿಗೆ ವಿನಾಯಿತಿಯಿದೆ, ಆದರೆ ಶೇ. 5ರ ದರವನ್ನು ಆರಿಸಿಕೊಂಡವರಿಗೆ ದುರಸ್ತಿಯ ಮೇಲಿನ ಜಮೆ ದಕ್ಕದು. ಚಾಲಕನಿಲ್ಲದೆ ವ್ಯಾನನ್ನು ಮಾತ್ರ ಬಾಡಿಗೆಗೆ ಕೊಡುವವರು ಜಮೆ ತೆಗೆದುಕೊಳ್ಳುವ ಮುನ್ನ ಲಿಖಿತ ಅಭಿಪ್ರಾಯ ಪಡೆಯುವುದು ಕ್ಷೇಮ. ಸಿಗದ ತೆರಿಗೆಯು ದುರಸ್ತಿಯ ವೆಚ್ಚಕ್ಕೇ ಸೇರುತ್ತದೆ.

ವಿಮೆಯಿಂದ ನಿರೀಕ್ಷೆ ಬೇಡ. ಸವೆತ, ತುಕ್ಕು ಪಾಲಿಸಿಯ ವ್ಯಾಪ್ತಿಯಲ್ಲಿಲ್ಲ. ಅಪಘಾತದ ಹಾನಿಯಲ್ಲೂ ವಾಹನಕ್ಕೆ 10 ವರ್ಷ ಮೀರಿದ್ದರೆ ಲೋಹದ ಭಾಗಗಳಿಗೆ ಶೇ. 50ರ ಸವಕಳಿಯನ್ನು ಕಳೆದೇ ಪರಿಹಾರ ಕೊಡುತ್ತಾರೆ.

ಶೆಡ್ಡಿನಿಂದ ಕೇಳಿ ಪಡೆಯಬೇಕಾದುದು ಇಷ್ಟು: ಕತ್ತರಿಸುವ ಮುನ್ನ, ಕತ್ತರಿಸಿದ ಮೇಲೆ, ಬೆಸೆದ ಮೇಲೆ ದಿನಾಂಕ ಸಹಿತ ಛಾಯಾಚಿತ್ರಗಳು, ಭಾಗವಾರು ವಿಂಗಡಿಸಿದ ಬಿಲ್ಲು, ಹವಾನಿಯಂತ್ರಕದಂತಹ ಹೊಸ ಸಾಧನಕ್ಕೆ ಪ್ರತ್ಯೇಕ ಬಿಲ್ಲು.

ಮಾರುವ ದಿನ

ಗುಜರಿಗೆ ಹಾಕುವ ಹಂತ ತಲುಪಿದ ವ್ಯಾನನ್ನು ನೋಂದಾಯಿತ ಕೇಂದ್ರಕ್ಕೇ ಒಪ್ಪಿಸಿ ಠೇವಣಿ ಪ್ರಮಾಣಪತ್ರ ಪಡೆದರೆ, ಹೊಸ ವಾಹನದ ಮೋಟಾರು ತೆರಿಗೆಯಲ್ಲಿ ಖಾಸಗಿ ವಾಹನಕ್ಕೆ ಶೇ. 25, ಸಾರಿಗೆ ವಾಹನಕ್ಕೆ ಶೇ. 15ರವರೆಗೆ ರಿಯಾಯಿತಿಗೆ ಕೇಂದ್ರದ ನಿಯಮಗಳಲ್ಲಿ ಅವಕಾಶವಿದೆ.

ದುರಸ್ತಿ ಮಾಡಿಸಿ ಮಾರುವವರು ಜಿಎಸ್‌ಟಿ ನೋಂದಾಯಿತರಾಗಿದ್ದು, ಕೊಂಡಾಗ ಜಮೆ ಪಡೆಯದಿದ್ದರೆ, ಮಾರಾಟ ಬೆಲೆಯಿಂದ ಸವಕಳಿ ಕಳೆದ ಬೆಲೆಯನ್ನು ತೆಗೆದ ಮೇಲೆ ಉಳಿಯುವ ಅಂತರಕ್ಕೆ ಮಾತ್ರ ತೆರಿಗೆ. ಅಂತರ ಋಣವಾದರೆ ತೆರಿಗೆಯಿಲ್ಲ. ಈ ದರ 2025ರ ಜನವರಿಯಿಂದ ಶೇ. 18. ಮೇಲಿನ ಉದಾಹರಣೆಯನ್ನೇ ಮುಂದುವರಿಸಿದರೆ, ಹವಾನಿಯಂತ್ರಕವನ್ನು ಹೊರತುಪಡಿಸಿ ವ್ಯಾನಿನ ಸವಕಳಿ ಕಳೆದ ಬೆಲೆ 1,50,000 ರೂ. ಇದ್ದು, 2,10,000ಕ್ಕೆ ಮಾರಿದರೆನ್ನೋಣ. ಹವಾನಿಯಂತ್ರಕದ 60,000ವನ್ನೂ ದುರಸ್ತಿಯ ಖಾತೆಗೇ ಹಾಕಿ ಮುಗಿಸಿದವರಿಗೆ ಅಂತರ 60,000, ತೆರಿಗೆ 10,800. ಅದನ್ನು ಆಸ್ತಿಗೆ ಸೇರಿಸಿ ಒಂದು ವರ್ಷದ ಸವಕಳಿ ತೆಗೆದವರಿಗೆ ಪುಸ್ತಕದಲ್ಲಿ ಇನ್ನೂ 51,000 ಉಳಿದಿರುತ್ತದೆ. ಅಂತರ 9,000, ತೆರಿಗೆ 1,620 ರೂ.